ಗಾಳಿಯ ಲೆಕ್ಕದ ಷಡ್ಡಕರು

ನನ್ನ ಷಡ್ಡಕರಿಗೆ ಸೆಕೆ ಎಂಬುದೇ ಆಗುವುದಿಲ್ಲ. ಆಗುವುದೇನಿದ್ದರೂ ‘32 ಡಿಗ್ರಿ, ತೇವ ಶೇ 64’. ಮದುವೆಮನೆಯಲ್ಲಿ ನಾವೆಲ್ಲ ಶಲ್ಯದಿಂದ ಬೀಸಿಕೊಳ್ಳುತ್ತ ಹೋಳಿಗೆಗೆ ಕಾಯುತ್ತಿದ್ದರೆ, ಅವರು ಜೇಬಿನಿಂದ ಬೆಂಕಿಪೊಟ್ಟಣದಂಥ ಮೀಟರೊಂದನ್ನು ತೆಗೆದು ಬಾಳೆಲೆಯ ತುದಿಯಲ್ಲಿ, ಉಪ್ಪು ಬಡಿಸುವ ಜಾಗದಲ್ಲಿ ಇಡುತ್ತಾರೆ.

“2,100 ಪಿಪಿಎಂ! ಒಬ್ಬರು ಬಿಟ್ಟ ಉಸಿರನ್ನ ಇನ್ನೊಬ್ಬರು ಎಳ್ಕೋತಾ ಇದೀವಿ ರಾಯರೇ” ಎಂದು ಎದುರು ಪಂಕ್ತಿಗೂ ಕೇಳುವಂತೆ ಘೋಷಿಸುತ್ತಾರೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 420ರ ಆಸುಪಾಸು ಇರುತ್ತದೆ ಎಂಬುದು ನನಗೆ ತಿಳಿದದ್ದು ಹೀಗೆ, ಕೈಯಲ್ಲಿ ಹೋಳಿಗೆ ಹಿಡಿದುಕೊಂಡು. ಆಮೇಲೆ ತುಪ್ಪ ಹಾಕಿಸಿಕೊಳ್ಳುವ ಮನಸ್ಸೂ ಬರಲಿಲ್ಲ.

ನಿಮ್ಮ ಬಳಗದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹಾಲಿಗೆ ಲ್ಯಾಕ್ಟೋಮೀಟರ್ ಅದ್ದುವವರು, ಸ್ಕೂಟರಿನ ಮೈಲೇಜನ್ನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯುವವರು, ಬಂದ ನೆಂಟರ ಬಿಪಿ ನೋಡಿದ ಮೇಲೇ ಕಾಫಿಗೆ ಹೇಳುವವರು. ನಿವೃತ್ತಿಯಾದ ಮೇಲೆ ಈ ಕಾಯಿಲೆ ಹೆಚ್ಚುತ್ತದೆ. ನಮ್ಮ ಷಡ್ಡಕರಿಗಂತೂ ಮನೆಯಲ್ಲಿ ಅಳೆಯಲು ಏನೂ ಉಳಿಯಲಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಹೋಗಿ ಚಿಪ್ಪು ಅಣಬೆಯ ಬೀಜ ತಂದರು. ಮಗಳು ಮದುವೆಯಾಗಿ ಹೋದ ಮೇಲೆ ಖಾಲಿಯಿದ್ದ ಹತ್ತಡಿ ಚೌಕದ ರೂಮಿನ ಕಿಟಕಿಗೆ ಥರ್ಮಾಕೋಲ್ ಬಡಿದರು, ಬಾಗಿಲಿಗೆ ರಬ್ಬರ್ ಪಟ್ಟಿ ಅಂಟಿಸಿದರು. ಬೇಯಿಸಿದ ಭತ್ತದ ಹುಲ್ಲು ತುಂಬಿದ ಚೀಲಗಳು ಸೂರಿನಿಂದ ದಿಂಬುಗಳಂತೆ ಜೋತುಬಿದ್ದವು.

ಅಲ್ಲಿಂದ ಶುರುವಾಯಿತು ನೋಡಿ. ಅಣಬೆ ಗಿಡವಲ್ಲ, ನಮ್ಮ ಹಾಗೆಯೇ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹುಲ್ಲಿನೊಳಗೆ ಬಿಳಿ ಎಳೆ ಹಬ್ಬುವ ದಿನಗಳಲ್ಲಿ ಅದಕ್ಕೆ ಈ ಅನಿಲ ಎಷ್ಟಿದ್ದರೂ ಚಿಂತೆಯಿಲ್ಲ. ಮೊಗ್ಗೊಡೆದ ಮೇಲೆ ಮಾತ್ರ ಸಾವಿರದ ಒಳಗಿರಬೇಕು, ಇಲ್ಲದಿದ್ದರೆ ಒಳ್ಳೆಯ ಗಾಳಿ ಹುಡುಕಿಕೊಂಡು ಕಾಲು ಉದ್ದವಾಗುತ್ತದೆ, ಟೋಪಿ ಅರಳುವುದೇ ಇಲ್ಲ. ಜೊತೆಗೆ ತೇವ ಶೇ 80ರಿಂದ 90 ಬೇಕು. ಇವೆರಡೂ ಜಗಳವಾಡಿದ ವಾರಗಿತ್ತಿಯರ ಹಾಗೆ: ಕೆಟ್ಟ ಗಾಳಿ ಹೋಗಲೆಂದು ಫ್ಯಾನ್ ಹಾಕಿದರೆ ತೇವವೂ ಅದರ ಹಿಂದೆಯೇ ಎದ್ದು ಹೋಗುತ್ತದೆ. ತೇವವನ್ನು ಉಳಿಸಿಕೊಳ್ಳಲು ಬಾಗಿಲು ಮುಚ್ಚಿದರೆ ಪಿಪಿಎಂ ಏರುತ್ತದೆ. ಏಪ್ರಿಲ್ಲಿನಲ್ಲಿ ತಂಪಿಗೆಂದು ಎಸಿ ಹಾಕಿಸಿದರು; ಎಸಿಯೋ ಗಾಳಿಯ ನೀರನ್ನೆಲ್ಲ ಹಿಂಡಿ ಹೊರಗಿನ ಬಕೆಟ್ಟಿಗೆ ಸುರಿಯಿತು. ಷಡ್ಡಕರು ಆ ಬಕೆಟ್ ಹೊತ್ತು ತಂದು ಅದೇ ನೀರನ್ನು ಮಂಜು ಹಾರಿಸುವ ಯಂತ್ರಕ್ಕೆ ತುಂಬಿದರು. ಒಂದು ಯಂತ್ರ ಹಿಂಡಿದ್ದನ್ನು ಇನ್ನೊಂದು ಹಾರಿಸುತ್ತದೆ, ನಡುವೆ ಬಕೆಟ್ ಹೊರಲು ಒಬ್ಬ ಪದವೀಧರ. ನಾನು ನಕ್ಕೆ. “ಬೋರ್‌ವೆಲ್ ನೀರು ಹಾಕಿದ್ರೆ ಎಲ್ಲದರ ಮೇಲೂ ಸುಣ್ಣದ ಪುಡಿ ಕೂರುತ್ತೆ, ಇದರಲ್ಲಿ ಸುಣ್ಣ ಇಲ್ಲ” ಎಂದರು. ಸರಿಯಾಗಿಯೇ ಇತ್ತು. ಅವರು ಹೇಳುವುದು ಯಾವಾಗಲೂ ಸರಿಯಾಗಿರುತ್ತದೆ ಎಂಬುದೇ ನನ್ನ ಮುಖ್ಯ ತಕರಾರು.

ಎದುರು ಮಾತಾಡಿದರೆ ಅರಿಜೋನಾದ ಕಥೆ ಬರುತ್ತದೆ. 1991ರಲ್ಲಿ ಅಲ್ಲಿನ ‘ಬಯೋಸ್ಫಿಯರ್ 2’ ಎಂಬ ಗಾಜಿನ ಮಹಲಿನೊಳಗೆ ಎಂಟು ಜನ ಎರಡು ವರ್ಷಕ್ಕೆಂದು ಬಾಗಿಲು ಹಾಕಿಕೊಂಡರಂತೆ. ಶೇ 21ರಷ್ಟಿದ್ದ ಆಮ್ಲಜನಕ 14ರ ಹತ್ತಿರಕ್ಕೆ ಇಳಿದು ಕೊನೆಗೆ ಹೊರಗಿನಿಂದ ತುಂಬಬೇಕಾಯಿತಂತೆ. ಗಿಡಗಳಿಗೆ ಸಿಗಬೇಕಿದ್ದ ಡೈಆಕ್ಸೈಡನ್ನು ಕಟ್ಟಡದ ಕಾಂಕ್ರೀಟೇ ನುಂಗುತ್ತಿತ್ತು. “ಮುಚ್ಚಿದ ರೂಮು ಅಂದ್ರೆ ಹುಡುಗಾಟ ಅಲ್ಲ” ಎಂದು ಕಥೆ ಮುಗಿಯುತ್ತದೆ. ಐದು ಸಲ ಕೇಳಿದ್ದೇನೆ.

ಅವರ ಮಗಳ ಬಾಣಂತನಕ್ಕೆಂದು ಅತ್ತಿಗೆ, ಷಡ್ಡಕರು ಇಬ್ಬರೂ ಪುಣೆಗೆ ಹೊರಟಾಗ ಹತ್ತು ದಿನ ಮನೆಯನ್ನೂ ಅಣಬೆಯನ್ನೂ ನೋಡಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂತು. ನಾಲ್ಕು ಪುಟದ ಸೂಚನೆ ಬಾಗಿಲಿಗೆ ಅಂಟಿಸಿ ಹೋದರು. ಅದರಲ್ಲಿ ‘ಒಳಗೆ ಮಲಗಬಾರದು’ ಎಂದು ಇರಲಿಲ್ಲ. ಬೆಂಗಳೂರಿನ ಆ ಉರಿಬಿಸಿಲಿನಲ್ಲಿ ಇಡೀ ಮನೆಗೆ ತಂಪಾದ ಜಾಗ ಅದೊಂದೇ. ಮೂರನೆಯ ಮಧ್ಯಾಹ್ನ ಚಾಪೆ, ದಿಂಬು, ಪೇಪರ್ ಹಿಡಿದು ಒಳಗೆ ಹೋದೆ. ಫ್ಯಾನಿನ ಗೊರಗೊರಕ್ಕೆ ನಿದ್ದೆ ಹತ್ತಲಿಲ್ಲ, ಆರಿಸಿದೆ. ಆಮೇಲೆ ಎಂಥ ನಿದ್ದೆ!

ಎಬ್ಬಿಸಿದ್ದು ಫೋನು.

“ರಾಯರೇ, ರೂಮಲ್ಲಿ ಯಾರಿದ್ದಾರೆ?”

“ಯಾರೂ ಇಲ್ಲ. ನೀರಿದೆಯಾ ನೋಡೋಣ ಅಂತ ನಾನು ಈಗ ತಾನೇ ಬಂದೆ.”

“ಈಗ ತಾನೇ ಬಂದ್ರೆ 1,870 ಆಗಲ್ಲ. ಎರಡು ಗಂಟೆಯಿಂದ ಏರ್ತಾ ಇದೆ.”

ಮೀಟರಿನ ಲೆಕ್ಕ ಪುಣೆಯ ಆಸ್ಪತ್ರೆಯಲ್ಲಿದ್ದ ಅವರ ಮೊಬೈಲಿಗೆ ಹೋಗುತ್ತಿತ್ತು. ಮೊಮ್ಮಗು ಹುಟ್ಟುವ ಹೊತ್ತಿನಲ್ಲಿ ಈ ಮನುಷ್ಯ ನನ್ನ ಉಸಿರೆಣಿಸುತ್ತಿದ್ದಾರೆ!

“ಸ್ವಲ್ಪ ಹೊತ್ತು ಪೇಪರ್ ಓದ್ತಾ ಕೂತಿದ್ದೆ” ಎಂದೆ.

“ಕೂತಿದ್ರೆ ಇನ್ನೂ ಬೇಗ ಏರ್ತಿತ್ತು. ಮಲಗಿದ್ದೀರಿ.”

ಇನ್ನೆರಡು ಮಧ್ಯಾಹ್ನವೂ ಮಲಗಿದೆ. ಫೋನು ಬರಲಿಲ್ಲ, ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದ್ದಳು, ಅವಳ ತೂಕ ನೋಡಬೇಕಿತ್ತಲ್ಲ.

ವಾಪಸು ಬಂದವರು ಅಣಬೆಗಳ ಮುಂದೆ ನಿಂತರು. ಕೊಕ್ಕರೆ ಕಾಲು, ಗುಂಡಿಯಷ್ಟು ಟೋಪಿ. ಬೈಯಲಿಲ್ಲ. ಮೊಬೈಲಿನಲ್ಲಿ ಗ್ರಾಫ್ ತೆಗೆದು, “ಇವು ಮೂರು ಗುಡ್ಡ ನಿಮ್ಮವು” ಎಂದರು. ಮುಖ ಎಲ್ಲಿಡಲಿ ಎಂದು ತಿಳಿಯದೆ ನಾನು ಹಿಂದಿನ ತಿಂಗಳಿಗೆ ಸರಿಸಿದೆ. ಅಲ್ಲಿ ದಿನಾ ಬೆಳಗ್ಗೆ ಹನ್ನೊಂದಕ್ಕೆ ಒಂದು ಪುಟ್ಟ ದಿಬ್ಬ, ಕಾಲು ಗಂಟೆಯದು.

“ಇದು ಯಾರು?”

“ಇವಳು. ನಿಮ್ಮ ಮನೆಯವರಿಗೆ ಫೋನ್ ಮಾಡ್ತಾಳೆ. ಥರ್ಮಾಕೋಲ್ ಇರೋದ್ರಿಂದ ಹೊರಗೆ ಕೇಳ್ಸಲ್ಲ ಅಂತ.”

ಆ ಕಾಲು ಗಂಟೆಯಲ್ಲಿ ಅತ್ತಿಗೆ ಹೇಳುವುದೆಲ್ಲ ಮಧ್ಯಾಹ್ನದ ಊಟದ ಹೊತ್ತಿಗೆ ನನಗೆ ವರದಿಯಾಗುತ್ತದೆ. ಮುಕ್ಕಾಲು ಪಾಲು ಈ ಮನುಷ್ಯನ ಜೊತೆ ಬಾಳುವುದು ಎಷ್ಟು ಕಷ್ಟ ಎಂಬುದೇ. ಅವರ ಮುಖ ನೋಡಿದೆ. ಗೊತ್ತಿತ್ತೋ ಇಲ್ಲವೋ. ದಿಬ್ಬಕ್ಕೆ ಸ್ವಲ್ಪ ಮುಂಚೆ ಗೆರೆ ಸರ್ರನೆ 500ಕ್ಕೆ ಇಳಿದಿತ್ತು, ಪ್ರತಿದಿನವೂ.

“ಇಲ್ಲಿ ಯಾಕೆ ಇಳಿದಿದೆ?”

“10:40ಕ್ಕೆ ಫ್ಯಾನ್ ಜೋರಾಗಿ ಓಡೋ ಹಾಗೆ ಇಟ್ಟಿದೀನಿ. ಅಣಬೆಗೆ 900 ಇದ್ರೂ ನಡೆಯುತ್ತೆ. ಅವಳಿಗೆ ತಲೆನೋವು ಬರುತ್ತೆ.”

“ಅಷ್ಟು ಹೊತ್ತು ಫ್ಯಾನ್ ಓಡಿದ್ರೆ ತೇವ?”

“ಹೋಗುತ್ತೆ” ಎಂದು ಬಕೆಟ್ ಎತ್ತಿಕೊಂಡು ಹೊರಟರು.

ಇದನ್ನು ನಾನು ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಹನ್ನೊಂದೂ ಕಾಲಿಗೆ ಅತ್ತಿಗೆಗೆ ತಲುಪುತ್ತದೆ, ನಾಳೆಯಿಂದ ಅವರು ಟೆರೇಸಿಗೆ ಹೋಗುತ್ತಾರೆ. ಹೊರಡುವಾಗ ಷಡ್ಡಕರು ನನ್ನ ಗುಡ್ಡಗಳ ಬೆಳೆಯನ್ನು ತೂಗಿ, 640 ಗ್ರಾಂ, ಚೀಲಕ್ಕೆ ಹಾಕಿಕೊಟ್ಟರು. ರಾತ್ರಿ ಪಲ್ಯ ಮಾಡಿದೆವು. ನಾರುನಾರಾಗಿತ್ತು.