ಕಾರು ಮೀಮಾಂಸಕ

ಪ್ರತಿ ಬಡಾವಣೆಯಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ವಯಸ್ಸು ನಲವತ್ತು ದಾಟಿದೆ. ಕೈಯಲ್ಲಿ ಎಂಟು ಲಕ್ಷ ರೂಪಾಯಿ ಇದೆ, ಇಲ್ಲವೆ ಇನ್ನೇನು ಬರಲಿದೆ: ಮುಗಿದ ಚೀಟಿಯ ದುಡ್ಡೋ, ಊರಿನ ಜಮೀನಿನ ಪಾಲೋ, ಪಿ.ಎಫ್. ಸಾಲವೋ. ಸದ್ಯಕ್ಕೆ ಓಡಾಟವೆಲ್ಲ ಹಳೆಯ ಸ್ಕೂಟರಿನಲ್ಲೇ. ಅವನ ಮುಂದಿರುವ ಪ್ರಶ್ನೆ ಒಂದೇ. ಈ ದುಡ್ಡಿಗೆ ಹತ್ತು ವರ್ಷ ದಾಟಿದ ಇನ್ನೋವಾ ತರುವುದೋ, ರಿಬ್ಬನ್ ಕಟ್ಟಿ ಕೊಡುವ ಹೊಸ ವ್ಯಾಗನ್ ಆರ್ ತರುವುದೋ? ಪ್ರಶ್ನೆ ಹುಟ್ಟಿದಾಗ ಮಗ ಪ್ರೈಮರಿ ಶಾಲೆಯಲ್ಲಿದ್ದ. ಈಗ ಅವನಿಗೇ ಲೈಸೆನ್ಸ್ ಬಂದಿದೆ. ಇವನನ್ನು ಕಾರು ಮೀಮಾಂಸಕ ಎಂದು ಕರೆದರೆ ತಪ್ಪಿಲ್ಲ. ಪೂರ್ವಪಕ್ಷವನ್ನು ಇಷ್ಟು ನಿಷ್ಠೆಯಿಂದ ಮಂಡಿಸುವವರು ಶೃಂಗೇರಿ, ಮೇಲುಕೋಟೆಯ ಪಾಠಶಾಲೆಗಳಲ್ಲೂ ಈಗ ವಿರಳ. ಸಿದ್ಧಾಂತಕ್ಕೆ ಬರುವ ಹೊತ್ತಿಗೆ ಮಾತ್ರ ಕಾಫಿ ಬಂದುಬಿಡುತ್ತದೆ. ನೀವು ಹೊಸದೇ ಮೇಲು ಎಂದಿರೋ, ‘ಷೋರೂಮ್ ಗೇಟು ದಾಟಿದ ತಕ್ಷಣ ಲಕ್ಷ ರೂಪಾಯಿ ಹೋಯ್ತು ಸ್ವಾಮಿ’ ಎನ್ನುತ್ತಾನೆ. ಹಾಗಾದರೆ ಹಳೆಯದನ್ನೇ ತಗೊಳ್ಳಿ ಎಂದಿರೋ, ‘ಚೆನ್ನಾಗಿದ್ರೆ ಅವನ್ಯಾಕೆ ಮಾರ್ತಿದ್ದ?’ ಎಂದು ನಿಮ್ಮನ್ನೇ ಕೇಳುತ್ತಾನೆ. ಇವನ ಬೆನ್ನ ಹಿಂದೆ ಜನ ನಗುತ್ತಾರೆ. ನಗಲಿ, ಆದರೆ ಒಂದು ಮಾತು ತಿಳಿದು ನಗಲಿ: ಇದು ದಡ್ಡರಿಗೆ ಬರುವ ಕಾಯಿಲೆಯಲ್ಲ, ಲೆಕ್ಕ ಸರಿಯಾಗಿ ಬಲ್ಲವರಿಗೆ ಮಾತ್ರ ಬರುವಂಥದು.

ಮೊದಲು ಅವನ ವಿದ್ಯೆಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಹಳೆಯ ಗಾಡಿ ನೋಡಲು ಹೋದವನು ಎಂಜಿನ್ನಿನ ಕಡೆ ಕಣ್ಣೆತ್ತಿಯೂ ನೋಡದೆ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾನೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಆಮೇಲೆ ಕಿಟಕಿ ಗಾಜುಗಳ ಮೂಲೆಯ ಗುರುತು. ಎಲ್ಲ ಗಾಜೂ ಒಂದೇ ವರ್ಷದ್ದಾಗಿ ಒಂದು ಮಾತ್ರ ಬೇರೆ ವರ್ಷದ್ದಾದರೆ ಆ ಬಾಗಿಲಿಗೆ ಎಂದೋ ಪೆಟ್ಟು ಬಿದ್ದಿರಬೇಕು. ಬಾಗಿಲಿನ ರಬ್ಬರ್ ಬೀಡಿಂಗನ್ನು ಎಳೆದು ಒಳಗೆ ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್ ಗುಳಿಗಳು ಸಾಲಾಗಿವೆಯೇ ನೋಡುತ್ತಾನೆ. ಇಲ್ಲದಿದ್ದರೆ ಅಲ್ಲಿ ಟಿಂಕರಿಂಗ್ ಆಗಿದೆ. ಜೇಬಿನಿಂದ ಸಣ್ಣ ಅಯಸ್ಕಾಂತವೊಂದು ಹೊರಬರುತ್ತದೆ. ತಗಡಿಗೆ ಅದು ಅಂಟುತ್ತದೆ, ದಪ್ಪಗೆ ಪುಟ್ಟಿ ಮೆತ್ತಿದ ಕಡೆ ಜಾರಿ ಬೀಳುತ್ತದೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆಸಿ ಹೊಗೆ ಉಗುಳುತ್ತದೆಯೇ ಎಂದು ಬಗ್ಗುತ್ತಾನೆ. ಮೀಟರು 45,000 ಕಿಲೋಮೀಟರು ತೋರಿಸುತ್ತಿದ್ದು ಕ್ಲಚ್ ಪೆಡಲಿನ ರಬ್ಬರು ಬೋಳಾಗಿದ್ದರೆ ಅವನ ಮುಖದಲ್ಲಿ ಅರಳುವ ಮಂದಹಾಸವನ್ನು ನೋಡಬೇಕು. ‘ಡಾಕ್ಟರ್ ಓಡಿಸಿದ್ ಗಾಡಿ ಸಾರ್, ಸಿಂಗಲ್ ಓನರ್’ ಎಂಬ ಮಾತು ಅವನ ಮೇಲೆ ಏನೂ ಪರಿಣಾಮ ಮಾಡುವುದಿಲ್ಲ. (ಮಾರಾಟಕ್ಕಿರುವ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ಅಷ್ಟು ವರ್ಷ ರೋಗಿಗಳನ್ನು ನೋಡಿದವರು ಯಾರು ಎಂದು ಆರೋಗ್ಯ ಇಲಾಖೆ ವಿಚಾರಿಸಬೇಕು.) ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದ. ಗಾಡಿಯ ಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲವನ್ನೂ ಅನುಮಾನಿಸಿ ಬೆಲೆ ಇಳಿಸುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲು ಬರುವುದೇ ಇಲ್ಲ. ಕೊನೆಗೆ ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ, ಇದು ಅವನ ವಾದ. 2001ರಲ್ಲಿ ಅವನಿಗೆ ನೊಬೆಲ್ ಬಂತು. ಇದೇ ವಾದವನ್ನು ‘ಚೆನ್ನಾಗಿದ್ರೆ ಅವನ್ಯಾಕೆ ಮಾರ್ತಿದ್ದ’ ಎಂಬ ಮೂರು ಮಾತಿನಲ್ಲಿ ಮುಗಿಸುವ ನಮ್ಮ ಮೀಮಾಂಸಕನಿಗೆ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದಿಂದ ಒಂದು ಶಾಲೂ ಸಿಕ್ಕಿಲ್ಲ.

ಇಷ್ಟು ಬಲ್ಲವನು ತೀರ್ಮಾನಕ್ಕೆ ಯಾಕೆ ಬರುವುದಿಲ್ಲ ಎನ್ನುವುದಕ್ಕೆ ಅವನ ಸ್ವಭಾವವನ್ನು ದೂರುವುದು ಸುಲಭ. ಆದರೆ ತಪ್ಪು ಪೇಟೆಯದು. ಹಳೆಯ ಇನ್ನೋವಾ ಮತ್ತು ಹೊಸ ವ್ಯಾಗನ್ ಆರ್ ಒಂದೇ ಬೆಲೆಗೆ ಎದುರುಬದುರು ನಿಂತದ್ದು ಆಕಸ್ಮಿಕವಲ್ಲ. ಎಂಟು ಲಕ್ಷಕ್ಕೆ ಇನ್ನೋವಾವೇ ಲಾಭವೆಂದು ಎಲ್ಲರಿಗೂ ತೋರಿದ್ದರೆ ಎಲ್ಲರೂ ಅದಕ್ಕೇ ಮುಗಿಬಿದ್ದು ಅದರ ಬೆಲೆ ಒಂಬತ್ತಾಗುತ್ತಿತ್ತು. ಹೊಸದೇ ಲಾಭವೆಂದಿದ್ದರೆ ಹಳೆಯದು ಆರಕ್ಕೆ ಇಳಿಯುತ್ತಿತ್ತು. ಎರಡರ ಬೆಲೆಯೂ ಒಂದೆಡೆ ಬಂದು ನಿಂತಿದೆ ಎಂದರೆ, ಆ ಎಂಟು ಲಕ್ಷ ಹಿಡಿದವನಿಗೆ ಎರಡೂ ಸರಿಸಮ ಎಂದೇ ಅರ್ಥ. ಲಕ್ಷಾಂತರ ಜನರ ಕೊಡುಕೊಳ್ಳುವಿಕೆ ಸೇರಿ ಸಮ ಮಾಡಿಟ್ಟ ತಕ್ಕಡಿಯ ಮುಳ್ಳು ಅವನು. ಮುಳ್ಳು ಅಲುಗಾಡುವುದು ತೂಕ ಸರಿಯಾಗಿದೆ ಎಂಬುದಕ್ಕೆ ಗುರುತು. 2025ರ ಸೆಪ್ಟೆಂಬರ್ 22ರಂದು ನಾಲ್ಕು ಮೀಟರಿನೊಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅಂದು ಮೀಮಾಂಸಕನ ಮನೆಯಲ್ಲಿ ಪಾಯಸ. ‘ಕಾಯಿರಿ ಅಂದಿದ್ದೆ, ಕೇಳಿದ್ರಾ?’ ಎಂದು ಆಗಸ್ಟಿನಲ್ಲಿ ಕಾರು ಕೊಂಡ ಪಕ್ಕದ ಮನೆಯವರನ್ನು ಗೇಟಿನ ಬಳಿಯೇ ಹಿಡಿದ. ಕಾಯಿರಿ ಎಂದು ಅವನು ಹೇಳುತ್ತ ಬಂದದ್ದು ಎಷ್ಟೋ ವರ್ಷಗಳಿಂದ ಎಂಬುದು ಬೇರೆ ಮಾತು. ಈಗ ಹೊಸದನ್ನು ತರುತ್ತಾನೆ ಎಂದು ಮನೆಯವರು ಅಂದುಕೊಂಡರು. ಹೊಸದು ಅಗ್ಗವಾದಾಗ ಹಳೆಯದಕ್ಕೆ ಮೊದಲಿನ ಬೆಲೆ ಕೊಡುವವರು ಯಾರು? ಅದೂ ಇಳಿಯಲೇಬೇಕು. ಲೆಕ್ಕ ಮತ್ತೆ ಮೊದಲ ಪುಟಕ್ಕೆ ಬಂತು.

ಇವನು ಬರೀ ಜಿಪುಣ ಎನ್ನುವವರಿದ್ದಾರೆ. ಒಪ್ಪುವ ಮಾತಲ್ಲ. ಜಿಪುಣನಿಗೆ ಸ್ಕೂಟರೇ ಸಾಕು, ಅವನಿಗೆ ಪ್ರಶ್ನೆಯೇ ಹುಟ್ಟುವುದಿಲ್ಲ. ದೊಡ್ಡಸ್ತಿಕೆಯ ಆಸೆ ಎನ್ನುವವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಹೊರಬಂದ ಮೇಲೆ ಈ ನಾಡಿನಲ್ಲಿ ಗಣ್ಯರು ಬಂದರು ಎಂಬುದಕ್ಕೆ ಬಿಳಿ ಇನ್ನೋವಾ ಸಾಕ್ಷಿಯಾಯಿತು. ವಿಧಾನಸೌಧದ ಅಂಗಳದಲ್ಲಿ ನಿಲ್ಲುವಂಥದೇ ಗಾಡಿ ಕಲ್ಯಾಣಮಂಟಪದ ಮುಂದೆ ನಿಂತು ಅದರಿಂದ ನೀವು ಇಳಿದರೆ, ವಾಲಗದವರು ಒಂದು ಕ್ಷಣ ನಿಮ್ಮ ಕಡೆ ತಿರುಗುವುದು ಸಹಜ. ಗಾಡಿ ಎಷ್ಟನೇ ಕೈಯದು ಎಂದು ಬೀಗರು ಆರ್‌ಸಿ ಕೇಳುವುದಿಲ್ಲವಲ್ಲ. ಆದರೆ ಹೊಸ ಚಿಕ್ಕ ಕಾರಿಗೂ ಅದರದೇ ದೊಡ್ಡಸ್ತಿಕೆ ಉಂಟು: ನಂಬರ್ ಪ್ಲೇಟಿನ ಹೊಸ ಸರಣಿ, ವರ್ಷ ಕಳೆದರೂ ಕೀಳದ ಸೀಟಿನ ಪ್ಲಾಸ್ಟಿಕ್ಕು, ಚಕ್ರದಡಿಯ ನಿಂಬೆಹಣ್ಣು, ಆಯುಧಪೂಜೆಯ ದಿನ ಯಾರದೋ ಹಳೆಯ ಕುಂಕುಮದ ಕಲೆಯಿಲ್ಲದ ಬಾನೆಟ್ಟು. ಮೀಮಾಂಸಕನಿಗೆ ದೊಡ್ಡಸ್ತಿಕೆ ಬೇಕು, ನಿಜ. ಎರಡೂ ಕಡೆ ಅದು ಅಷ್ಟಷ್ಟೇ ಸಿಗುತ್ತಿರುವುದರಿಂದ ಆ ದಾರಿಯಿಂದಲೂ ತೀರ್ಮಾನ ಹುಟ್ಟುವುದಿಲ್ಲ.

ಹಾಗಾದರೆ ಅವನು ಎಡವಿದ್ದೆಲ್ಲಿ? ನನ್ನ ಎಣಿಕೆಯಲ್ಲಿ ಎರಡು ಕಡೆ, ಎರಡೂ ಅಂಕಗಣಿತದ ತಪ್ಪಲ್ಲ. ಮೊದಲನೆಯದು, ಹಳೆಯ ಕಾರಿನ ಬೆಲೆ ಇಳಿದಂತೆ ಅದರ ಖರ್ಚೂ ಇಳಿಯುತ್ತದೆ ಎಂಬ ನಂಬಿಕೆ. ವರ್ಷ ಕಳೆದರೆ ಬೆಲೆ ಇಳಿಯುತ್ತದೆ, ಗಾತ್ರ ಇಳಿಯುವುದಿಲ್ಲ. ಇನ್ನೋವಾದ ಎಂಜಿನ್ ಹುಟ್ಟಿದ ದಿನ ಎರಡೂವರೆ ಲೀಟರಿನದು, ಹತ್ತು ವರ್ಷದ ಮೇಲೂ ಎರಡೂವರೆ ಲೀಟರಿನದೇ. ಥರ್ಡ್ ಪಾರ್ಟಿ ವಿಮೆಯನ್ನೇ ನೋಡಿ: 2022ರಲ್ಲಿ ನಿಗದಿಯಾದ ದರದಂತೆ 1,000 ಸಿಸಿಯೊಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿ ಮೀರಿದ್ದಕ್ಕೆ 7,897. ನೀವು ಗಾಡಿಗೆ ಎಷ್ಟು ಕೊಟ್ಟಿರಿ ಎಂದು ವಿಮೆಯವರು ಆ ಕಂತಿನಲ್ಲಿ ಕೇಳುವುದಿಲ್ಲ. ಕ್ಲಚ್ ಪ್ಲೇಟೂ ಕೇಳುವುದಿಲ್ಲ, ಇಂಜೆಕ್ಟರೂ ಕೇಳುವುದಿಲ್ಲ, ಸುಮಾರು ಎರಡು ಪಟ್ಟು ತೂಕ ಹೊರುವ ಟೈರಂತೂ ಕೇಳುವುದೇ ಇಲ್ಲ. ಕೊಂಡದ್ದು ಚಿಕ್ಕ ಕಾರಿನ ಬೆಲೆಗೆ, ಸಾಕಬೇಕಾದ್ದು ದೊಡ್ಡ ಕಾರಿನ ಖರ್ಚಿನಲ್ಲಿ. ಇದಕ್ಕೆ ಮೀಮಾಂಸಕನ ಬಳಿ ಉತ್ತರ ಸಿದ್ಧವಿದೆ: ಹೊಸದಕ್ಕೆ ಕರ್ನಾಟಕದ ಜೀವಿತಾವಧಿ ತೆರಿಗೆಯೇ, ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14, ಅದರ ಮೇಲೆ ಸೆಸ್, ಹಳೆಯದಕ್ಕೆ ಅದನ್ನು ಮೊದಲಿನವನು ಕಟ್ಟಿದ್ದಾನೆ, ‘ಅವನು ಕಟ್ಟಿದ, ನಾನು ಓಡಿಸ್ತೀನಿ’. ಚೆನ್ನಾಗಿದೆ. ಆದರೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹನ್ನೆರಡು ವರ್ಷದ ಗಾಡಿ ತಂದವನು ಮೂರೇ ವರ್ಷದಲ್ಲಿ ಆರ್‌ಟಿಒ ಕಚೇರಿಯ ಸಾಲಿನಲ್ಲಿ ನಿಲ್ಲುತ್ತಾನೆ. ಭಾರದ ಗಾಡಿ ಗಟ್ಟಿ, ಜೀವಕ್ಕೆ ಭದ್ರ ಎಂಬ ವಾದವೂ ಅವನಲ್ಲಿದೆ. ಭಾರದ ಮಾತು ನಿಜ; ಆದರೆ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವೆಂಬ ನಿಯಮ ಬಂದದ್ದು 2021ರಲ್ಲಿ, ಅದಕ್ಕೂ ಹಿಂದಿನ ಗಾಡಿಯಲ್ಲಿ ಅದಿದೆಯೇ ಎಂದು ಅಯಸ್ಕಾಂತಕ್ಕಿಂತ ಮೊದಲು ನೋಡಬೇಕು.

ಎರಡನೆಯ ತಪ್ಪು ಇದಕ್ಕಿಂತ ಆಳದ್ದು, ಅವನ ಇಡೀ ಮೀಮಾಂಸೆ ನಿಂತಿರುವುದೇ ಅದರ ಮೇಲೆ. ಕಾರಿನ ಬಗ್ಗೆ ಯೋಚಿಸುವಾಗೆಲ್ಲ ಅವನ ಕಣ್ಣ ಮುಂದೆ ಒಂದೇ ದಿನ ಬರುತ್ತದೆ: ಅಪ್ಪ, ಅಮ್ಮ, ಹೆಂಡತಿ, ಮಕ್ಕಳು, ತಂಗಿ, ಭಾವ, ಒಂದು ಬುಟ್ಟಿ ಚಪಾತಿ, ಪುಳಿಯೋಗರೆಯ ಡಬ್ಬಿ, ಎಲ್ಲರೂ ಸೇರಿ ಶಿರಾಡಿ ಘಾಟಿ ಇಳಿದು ಧರ್ಮಸ್ಥಳ, ಅಲ್ಲಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುತ್ತಿರುವ ದಿನ. ಆ ದಿನಕ್ಕೆ ಇನ್ನೋವಾವೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ದಿನ ವರ್ಷಕ್ಕೆ ಎಷ್ಟು? ಅಪ್ಪನಿಗೆ ಮಂಡಿನೋವು, ಭಾವನೊಂದಿಗೆ ಜಮೀನಿನ ವಿಷಯದಲ್ಲಿ ಮಾತು ನಿಂತಿದೆ, ಮಗ ಗೆಳೆಯರ ಜೊತೆಗಲ್ಲದೆ ಎಲ್ಲಿಗೂ ಬರುವುದಿಲ್ಲ. ಉಳಿದ ದಿನಗಳಲ್ಲೆಲ್ಲ ಆ ಗಾಡಿಯಲ್ಲಿ ಕೂರುವವನು ಅವನೊಬ್ಬನೇ, ಪಕ್ಕದ ಸೀಟಿನಲ್ಲಿ ಊಟದ ಡಬ್ಬಿ, ಮುಂದೆ ಸಿಲ್ಕ್ ಬೋರ್ಡಿನ ಸಿಗ್ನಲ್ಲು. ಗಾಡಿ ನಿಲ್ಲಿಸುವ ಜಾಗದ ಮಾತು ಇನ್ನೂ ಬಂದೇ ಇಲ್ಲ. ಇನ್ನೋವಾದ ಉದ್ದ 15 ಅಡಿ, ವ್ಯಾಗನ್ ಆರ್ ಸುಮಾರು 12. ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಮಿಕ್ಕ ಜಾಗದಲ್ಲಿ ಆ ಮೂರು ಅಡಿ ಎಂದರೆ ತುಳಸಿಕಟ್ಟೆ, ಇಲ್ಲವೆ ಸಂಪಿನ ಮುಚ್ಚಳ. ಬೇಸಿಗೆಯಲ್ಲಿ ರಾತ್ರಿ ಹನ್ನೊಂದಕ್ಕೆ ನೀರಿನ ಟ್ಯಾಂಕರು ಬಂದಾಗ ಲುಂಗಿ ಎತ್ತಿ ಕಟ್ಟಿ ಇನ್ನೋವಾವನ್ನು ಬೀದಿಗೆ ತೆಗೆದು, ಸಂಪು ತುಂಬಿದ ಮೇಲೆ ಮತ್ತೆ ಒಳಗೆ ತೂರಿಸುವ ಕೆಲಸ ಧರ್ಮಸ್ಥಳದ ಕನಸಿನಲ್ಲಿ ಎಲ್ಲೂ ಕಾಣುವುದಿಲ್ಲ. ಅವನ ಟಿಪ್ಪಣಿ ಪುಸ್ತಕದಲ್ಲಿ ಎಲ್ಲದಕ್ಕೂ ಒಂದು ಕಲಂ ಇದೆ, ಬರೀ ಒಂದು ಮಾಮೂಲಿ ಮಂಗಳವಾರಕ್ಕೆ ಇಲ್ಲ.

ವರ್ಷದ ಆ ಒಂದೆರಡು ದಿನಕ್ಕೆ ಹಳದಿ ಬೋರ್ಡಿನ ಇನ್ನೋವಾವನ್ನೇ ಬಾಡಿಗೆಗೆ ಮಾಡಬಹುದಲ್ಲ ಎಂದರೆ ಮೀಮಾಂಸಕನ ಮುಖ ಸಪ್ಪಗಾಗುತ್ತದೆ. ‘ಸ್ವಂತದ್ದಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತೆ’ ಎನ್ನುತ್ತಾನೆ. ಗೊತ್ತಾಗಲಿ. ಘಾಟಿಯಲ್ಲಿ ಸ್ಟೀರಿಂಗ್ ತಿರುಗಿಸುವ ಹೊಣೆ ಡ್ರೈವರಿನದು, ಪಂಕ್ಚರಾದರೆ ಕೆಳಗಿಳಿಯುವವನೂ ಅವನೇ. ಹೊಳೆ ಕಂಡಾಗ ಹೊಳೆ ನೋಡುವ ಭಾಗ್ಯ ಮನೆಯ ಯಜಮಾನನದು. ಕಿಲೋಮೀಟರಿಗೆ ಇಷ್ಟು, ಬಾಟಾ ಇಷ್ಟು ಎಂದು ಕೊಟ್ಟು ಕೈತೊಳೆದುಕೊಂಡರೆ ಆ ವರ್ಷದ ದೊಡ್ಡ ಗಾಡಿಯ ಖರ್ಚು ಅಲ್ಲಿಗೇ ಮುಗಿಯಿತು. ಹಾಗಾಗಿ ನಾಲ್ಕು ಜನರ ಮನೆ, ಊರೊಳಗಿನ ಓಡಾಟ, ಕಿರಿದಾದ ಜಾಗ ಇರುವವರಿಗೆ ಹೊಸ ಚಿಕ್ಕ ಕಾರೇ ಸರಿ. ನಿತ್ಯ ಆರೇಳು ಜನ ಒಟ್ಟಿಗೆ ಹೊರಡುವ ತುಂಬಿದ ಮನೆಗಳು ಈಗಲೂ ಇವೆ. ಅಂಥವರು ಒಳ್ಳೆಯ ಹಳೆಯ ಇನ್ನೋವಾ ಸಿಕ್ಕರೆ ಬಿಡಬಾರದು. ಮೀಮಾಂಸಕನ ಮನೆ ಮೊದಲನೆಯ ಬಗೆಯದು, ಅವನ ಮನಸ್ಸು ಎರಡನೆಯದು.

ತೀರ್ಪು ಕೇಳಿದ ಮೇಲಾದರೂ ಅವನು ಕೊಳ್ಳುತ್ತಾನೆಯೇ? ಇಲ್ಲ. ಈಚೆಗೆ ಎಲೆಕ್ಟ್ರಿಕ್ ಕಾರುಗಳು ಬಂದು ಅವನಿಗೆ ಇನ್ನೂ ಹತ್ತು ವರ್ಷಕ್ಕಾಗುವಷ್ಟು ಗ್ರಾಸ ಒದಗಿಸಿವೆ. ಬ್ಯಾಟರಿಯ ಆಯುಷ್ಯದ ಬಗ್ಗೆ ಒಂದು ಹೊಸ ಟಿಪ್ಪಣಿ ಪುಸ್ತಕವೇ ಶುರುವಾಗಿದೆ. ಅವನ ಚಿಂತೆ ಬಿಡಿ, ನಿಮ್ಮ ಕೆಲಸ ನೋಡಿಕೊಳ್ಳಿ. ಹಳೆಯ ಕಾರು ನೋಡಲು ಹೋಗುವುದಿದ್ದರೆ ಅವನನ್ನು ತಪ್ಪದೆ ಕರೆದುಕೊಂಡು ಹೋಗಿ. ಅಯಸ್ಕಾಂತ ಅವನದೇ, ಸಂಭಾವನೆ ಒಂದು ಮಸಾಲೆದೋಸೆ, ಉಳಿಸಿಕೊಡುವುದು ಸಾವಿರಗಟ್ಟಲೆ. ಷೋರೂಮಿಗೆ ಹೊಸ ಕಾರು ಬುಕ್ ಮಾಡಲು ಹೋಗುವ ದಿನ ಮಾತ್ರ ಅವನಿಗೆ ಹೇಳಬೇಡಿ, ಡೆಲಿವರಿ ಆದ ಮೇಲೆ ಪೇಡ ಕೊಟ್ಟು ಬನ್ನಿ.