ಮನೆಯಲ್ಲಿಲ್ಲದ ದೇವದತ್ತಪ್ಪ: ಜೀವಿತ ಪ್ರಮಾಣಪತ್ರದ ಒಂದು ಮೀಮಾಂಸೆ

(ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಪಿಂಚಣಿದಾರರನ್ನು ವಿಶೇಷವಾಗಿ ಲಕ್ಷ್ಯದಲ್ಲಿರಿಸಿಕೊಂಡು)

1. ಪೀಠಿಕೆ

ಪ್ರಸ್ತುತ ಸಂಪ್ರಬಂಧವು ಕಲ್ಪತರು ನಾಡಿನ ನಿವೃತ್ತ ಸರ್ಕಾರಿ ನೌಕರರು ಸಾಗರದಾಚೆ ತಂಗಿರುವ ಅವಧಿಯಲ್ಲಿ ಅವರ ಅಸ್ತಿತ್ವಕ್ಕೆ ಒದಗುವ ಸ್ಥಿತ್ಯಂತರಗಳನ್ನು ಅಂತರ್‌ಶಿಸ್ತೀಯ ನೆಲೆಯಲ್ಲಿ ಪರಾಮರ್ಶಿಸುವ ವಿನಮ್ರ ಪ್ರಯತ್ನವಾಗಿರುತ್ತದೆ. ಈ ಕ್ಷೇತ್ರದಲ್ಲಿ ಇದುವರೆಗೆ ಹೇಳಿಕೊಳ್ಳುವಂಥ ಅಧ್ಯಯನ ನಡೆದಿಲ್ಲವೆಂದು ಎಲ್ಲ ಸಂಪ್ರಬಂಧಗಳೂ ಮೊದಲ ಪುಟದಲ್ಲೇ ಹೇಳುವುದರಿಂದ ಇದೂ ಹೇಳುತ್ತದೆ. ಅಧ್ಯಯನದ ಭೌಗೋಳಿಕ ಮಿತಿ: ಉತ್ತರಕ್ಕೆ ಹುಳಿಯಾರು, ದಕ್ಷಿಣಕ್ಕೆ ಮಾಯಸಂದ್ರ, ಪೂರ್ವಕ್ಕೆ ಸಿಡ್ನಿ, ಪಶ್ಚಿಮಕ್ಕೆ ಡಲ್ಲಾಸ್.

ಪಾರಿಭಾಷಿಕ ಪದಗಳಲ್ಲಿ ಮುಖ್ಯವಾದುದು 'ನವೆಂಬರೋತ್ತರ ಮೃತಕಲ್ಪತ್ವ'. ನವೆಂಬರ್ 30ರೊಳಗೆ ತಾನು ಬದುಕಿರುವುದಾಗಿ ಕಾಗದ ಸಲ್ಲಿಸದ ಪಿಂಚಣಿದಾರನಿಗೆ ಒದಗುವ ಅವಸ್ಥೆ ಇದು. ಈ ಅವಸ್ಥೆಯಲ್ಲಿ ಮನುಷ್ಯ ಉಣ್ಣುತ್ತಾನೆ, ಕೆಮ್ಮುತ್ತಾನೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಾನೆ, ಮೊಮ್ಮಗುವಿನ ಡಯಾಪರ್ ಬದಲಾಯಿಸುತ್ತಾನೆ. ಪಿಂಚಣಿ ಮಾತ್ರ ಪಡೆಯುವುದಿಲ್ಲ. ಮೃತನಿಗೂ ಮೃತಕಲ್ಪನಿಗೂ ಇರುವ ತಾತ್ವಿಕ ಭೇದವೇನೆಂದರೆ, ಮೃತನ ಹೆಂಡತಿಗೆ ಕುಟುಂಬ ಪಿಂಚಣಿ ಬರುತ್ತದೆ. ಮೃತಕಲ್ಪನ ಮನೆಯಲ್ಲಿ ಯಾರಿಗೂ ಏನೂ ಬರುವುದಿಲ್ಲ.

2. ದೇವದತ್ತ ವಿಚಾರ

ಮೀಮಾಂಸಕರು ಅರ್ಥಾಪತ್ತಿ ಎಂಬ ಪ್ರಮಾಣಕ್ಕೆ ತಲೆತಲಾಂತರದಿಂದ ಎರಡು ಉದಾಹರಣೆ ಕೊಡುತ್ತ ಬಂದಿದ್ದಾರೆ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಅಂದಮೇಲೆ ರಾತ್ರಿ ಉಣ್ಣುತ್ತಿರಬೇಕು. ಇದು ಎಲ್ಲರಿಗೂ ಗೊತ್ತಿರುವುದು. ಎರಡನೆಯದು ನಮ್ಮ ಖಜಾನೆಗೆ ಗೊತ್ತಿರಬೇಕಾಗಿದ್ದದ್ದು: ದೇವದತ್ತ ಬದುಕಿದ್ದಾನೆ, ಮನೆಯಲ್ಲಿಲ್ಲ, ಅಂದಮೇಲೆ ಹೊರಗೆಲ್ಲೋ ಇರಬೇಕು. ಮೀಮಾಂಸಾ ಭಾಷ್ಯಕಾರ ಶಬರಸ್ವಾಮಿಗೆ ಸಾಕಾಗಿದ್ದ ತರ್ಕ ಇಷ್ಟೇ.

ನಮ್ಮ ದೇವದತ್ತ ತುರುವೇಕೆರೆ ತಾಲ್ಲೂಕಿನವರು. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರಾದ್ದರಿಂದ ಊರಿನ ಮರ್ಯಾದೆಯಂತೆ ದೇವದತ್ತಪ್ಪನವರು ಎನ್ನೋಣ. ವಯಸ್ಸು 74. ಎರಡು ಎಕರೆ ತೆಂಗು, ಅಟ್ಟದ ತುಂಬ ಕಾಯಿ, ಅಮೆರಿಕದಲ್ಲಿ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಬಾಣಂತನಕ್ಕೆಂದು ಗಂಡ ಹೆಂಡತಿ ಸೆಪ್ಟೆಂಬರ್‌ನಲ್ಲಿ ಡಲ್ಲಾಸಿಗೆ ಹೊರಟರು. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಅಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಸೆಪ್ಟೆಂಬರ್‌ನಿಂದ ಆರು ತಿಂಗಳು ಹೇಗೆ ಎಣಿಸಿದರೂ ನಡುವೆ ಒಂದು ನವೆಂಬರ್ ಬಂದೇ ಬರುತ್ತದೆ. ಮುಂಚಿತವಾಗಿ ಕೊಟ್ಟುಹೋಗೋಣವೆಂದರೆ ಅಕ್ಟೋಬರ್ 1ರಿಂದಲೇ ಸಲ್ಲಿಸುವ ಕೇಂದ್ರದ ಸೌಲಭ್ಯ 80 ತುಂಬಿದವರಿಗೆ ಮಾತ್ರ. 74ರವರು ನವೆಂಬರ್‌ನಲ್ಲೇ ಬದುಕಿರಬೇಕು.

ಡಿಸೆಂಬರ್‌ನಲ್ಲಿ ಪಿಂಚಣಿ ನಿಂತಿತು. ತರ್ಕ ಸರಳ: ದೇವದತ್ತಪ್ಪ ಮನೆಯಲ್ಲಿಲ್ಲ, ಅಂದಮೇಲೆ ಇಲ್ಲ. ಮೀಮಾಂಸಕರಲ್ಲೇ ಭಾಟ್ಟ ಪಂಥದವರು ಕಂಡದ್ದರ ಜೊತೆಗೆ ಕಾಣದ್ದನ್ನೂ ಪ್ರಮಾಣವೆಂದು ಒಪ್ಪಿ ಅದಕ್ಕೆ ಅನುಪಲಬ್ಧಿ ಎಂದು ಹೆಸರಿಟ್ಟರು. ಉಳಿದ ಐದು ಪ್ರಮಾಣಗಳನ್ನೂ ಬಿಟ್ಟು ಈ ಒಂದರ ಮೇಲೇ ಆಡಳಿತ ನಡೆಸಬಹುದೆಂದು ಅವರಿಗೆ ಹೊಳೆದಿರಲಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇದೇ ದೇವದತ್ತಪ್ಪನವರ ಮುಖ ನೋಡಿ, ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಕಳಿಸಿದ್ದೂ ಸರ್ಕಾರವೇ. ಆದರೆ ಅದು ಬೇರೆ ಇಲಾಖೆ.

3. ಪ್ರಮಾಣಗಳ ವರ್ಗೀಕರಣ

3.1. ಪ್ರತ್ಯಕ್ಷ. ಪಿಂಚಣಿದಾರ ಖುದ್ದಾಗಿ ಬ್ಯಾಂಕಿಗೆ ಬಂದು, ಟೋಕನ್ ಹಿಡಿದು ಬೆಂಚಿನ ಮೇಲೆ ಕುಳಿತು, ದಾರ ಕಟ್ಟಿದ ಪೆನ್ನಿನಿಂದ ಸಹಿ ಮಾಡುವುದು. ಸಹಿ ಹೊಂದುವುದಿಲ್ಲವೆಂಬ ಆಕ್ಷೇಪ ಇಲ್ಲಿ ಸಾಮಾನ್ಯ. ಮನುಷ್ಯ ಎದುರಿಗೇ ಕೂತಿದ್ದರೂ 1990ರ ಸಹಿಯೇ ಅವನಿಗಿಂತ ಹೆಚ್ಚು ಅವನು.

3.2. ಅನುಮಾನ. ಹೊಗೆಯಿದ್ದಲ್ಲಿ ಬೆಂಕಿಯಿರುವಂತೆ ಹೆಬ್ಬೆಟ್ಟಿನ ಗೆರೆಯಿದ್ದಲ್ಲಿ ಜೀವವಿದೆ ಎಂಬ ವ್ಯಾಪ್ತಿಜ್ಞಾನದ ಮೇಲೆ 2014ರ ನವೆಂಬರ್ 10ರಂದು 'ಜೀವನ್ ಪ್ರಮಾಣ್' ಡಿಜಿಟಲ್ ವ್ಯವಸ್ಥೆ ಆರಂಭವಾಯಿತು. ಹೆಬ್ಬೆಟ್ಟು ಸವೆದವರಿಗೆಂದು 2021ರ ನವೆಂಬರ್‌ನಲ್ಲಿ ಮುಖ ಗುರುತಿಸುವ ತಂತ್ರವೂ ಬಂತು. ಮೊಬೈಲನ್ನು ಮುಖದ ಮುಂದೆ ಹಿಡಿದು, ವೃತ್ತದೊಳಗೆ ತಲೆಯಿಟ್ಟು, ಹೇಳಿದಾಗ ಕಣ್ಣು ಮಿಟುಕಿಸಬೇಕು. ಇದನ್ನು ಎಲ್ಲಿಂದ ಬೇಕಾದರೂ ಮಾಡಬಹುದು, ಒಳ್ಳೆಯದೇ. ಆದರೆ ಒಟಿಪಿ ಬರುವುದು ಊರಿನ ಸಿಮ್ಮಿಗೆ. ದೇವದತ್ತಪ್ಪನವರ ಸಿಮ್ಮು ರೀಚಾರ್ಜ್ ಇಲ್ಲದೆ ಅಕ್ಟೋಬರ್‌ನಲ್ಲೇ ಸತ್ತಿತ್ತು. ಸಿಮ್ಮು ಸತ್ತದ್ದನ್ನು ಕಂಪನಿ ಯಾವ ಪ್ರಮಾಣಪತ್ರವನ್ನೂ ಕೇಳದೆ ನಂಬಿತು.

ಇದೇ ಜೀವನ್ ಪ್ರಮಾಣ್ ಆ್ಯಪು ಕೇಳುವ ಇನ್ನೆರಡು ಪ್ರಶ್ನೆಗಳನ್ನು ಇಲ್ಲಿ ದಾಖಲಿಸದಿದ್ದರೆ ಸಂಶೋಧನಾ ಧರ್ಮಕ್ಕೆ ಲೋಪ ಬರುತ್ತದೆ. ಮತ್ತೆ ನೌಕರಿಗೆ ಸೇರಿದ್ದೀರಾ? ಮರುಮದುವೆ ಆಗಿದ್ದೀರಾ? ಗಂಡನ ಕುಟುಂಬ ಪಿಂಚಣಿ ಪಡೆಯುವ, ಮಂಡಿ ಹಿಡಿದುಕೊಂಡೇ ಮೆಟ್ಟಿಲು ಇಳಿಯುವ 80ರ ಅಜ್ಜಿಯ ಪರವಾಗಿ ಮೊಮ್ಮಗ ಈ ಎರಡನೆಯ ಪ್ರಶ್ನೆಗೆ ಉತ್ತರ ಒತ್ತುವಾಗ ಅಜ್ಜಿಗೆ ಏನು ಹೇಳುತ್ತಾನೆ ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ವಸ್ತು.

3.3. ಶಬ್ದ, ಅಂದರೆ ಆಪ್ತವಾಕ್ಯ. ಹೊರದೇಶದಲ್ಲಿರುವವನು ಬದುಕಿದ್ದಾನೆಂದು ಭಾರತೀಯ ರಾಯಭಾರ ಕಚೇರಿಯ ಅಧಿಕಾರಿ ಬರೆದುಕೊಡಬಹುದು. ನೋಟರಿ, ಮ್ಯಾಜಿಸ್ಟ್ರೇಟ್, ಬ್ಯಾಂಕರ್ ಬರೆದುಕೊಟ್ಟರೂ ನಡೆಯುತ್ತದೆ ಎಂದು ನಿಯಮದಲ್ಲಿದೆ. ಡಲ್ಲಾಸಿನವರಿಗೆ ಕಾನ್ಸುಲೇಟ್ ಇರುವುದು ಹ್ಯೂಸ್ಟನ್‌ನಲ್ಲಿ, ಸುಮಾರು 380 ಕಿ.ಮೀ. ದೂರ. ತುರುವೇಕೆರೆಯಿಂದ ಬೆಂಗಳೂರಿಗೆ ಹೋಗಿ ಬಂದರೂ ಅಷ್ಟಾಗದು. ಹಸುಗೂಸು, ಹಸಿ ಬಾಣಂತಿ ಇರುವ ಮನೆಯಲ್ಲಿ ಅಳಿಯ ರಜೆ ಹಾಕಿ ಮಾವನನ್ನು ಕೂರಿಸಿಕೊಂಡು ಅಷ್ಟು ದೂರ ಹೋಗಬೇಕಿತ್ತು, ಮಾವ ಉಸಿರಾಡುತ್ತಿದ್ದಾರೆಂದು ತೋರಿಸಲು. ಅದರ ಬದಲು ಬೀದಿಯ ತುದಿಯಲ್ಲೇ ಸಿಕ್ಕ ನೋಟರಿಯ ಬಳಿ ಪತ್ರ ಮಾಡಿಸಿ ಕಳಿಸಿದರು. ಊರಿನ ಬ್ಯಾಂಕಿನಲ್ಲಿ ಆ ಮುದ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಯಾರ ಮುದ್ರೆ ಎಂದರು.

3.4. ಉಪಮಾನ. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಒಡೆಯದೆ, ಸುಲಿಯದೆ, ಅರ್ಜಿ ಬರೆಸದೆ ಒಳಗೇನಿದೆಯೆಂದು ತಿಪಟೂರಿನ ಯಾವ ಮುದುಕ ಬೇಕಾದರೂ ಹೇಳುತ್ತಾನೆ. ಫೋನಿನಲ್ಲಿ ಕೇಳಿದ ಕೆಮ್ಮನ್ನು ಇದೇ ನ್ಯಾಯದಿಂದ ಸ್ವೀಕರಿಸಬಹುದಿತ್ತು.

ಅರ್ಥಾಪತ್ತಿ, ಅನುಪಲಬ್ಧಿಗಳು ಮೇಲೆಯೇ ಆಗಿಹೋದವು. ಸಂಖ್ಯೆ ಹಾಕುವ ಕೆಲಸ ಇಲ್ಲಿಗೆ ಸಾಕು.

ಬ್ಯಾಂಕಿನ ಕೌಂಟರಿನಲ್ಲಿ ನಡೆದ ಶಾಸ್ತ್ರಾರ್ಥವನ್ನು ಮಾತ್ರ ಹೇಳಲೇಬೇಕು. ದೇವದತ್ತಪ್ಪನವರ ಪರವಾಗಿ ಅವರ ತಮ್ಮ ಹೋಗಿದ್ದ.

"ಎಲ್ಲವ್ರೆ ನಿಮ್ಮಣ್ಣ?"

"ಅಮೆರಿಕದಲ್ಲವ್ರೆ ಸಾರ್."

"ಚೆನ್ನಾಗವ್ರಾ?"

"ಬೆಳಿಗ್ಗೆ ಫೋನ್ ಮಾಡಿ ಬೈದ್ರು ಸಾರ್, ಇನ್ನೂ ಯಾಕೆ ಪಿಂಚಣಿ ಬಂದಿಲ್ಲ ಅಂತ."

ತಮ್ಮ ಅಲ್ಲೇ ನಿಂತು ವಿಡಿಯೋ ಕಾಲ್ ಹಚ್ಚಿದ. ಮಂಕಿ ಟೋಪಿಯ ಮೇಷ್ಟ್ರು ತೆರೆಯ ಮೇಲೆ ಬಂದರು. ಗುಮಾಸ್ತರು ಫೋನು ಕೈಗೆ ತೆಗೆದುಕೊಂಡು, "ಏನ್ ಮೇಷ್ಟ್ರೇ, ಚಳಿ ಜೋರಾ?" ಅಂದರು. ಕೊಬ್ಬರಿ ಧಾರಣೆಯ ಮಾತಾಯಿತು, ನುಸಿರೋಗದ ಮಾತಾಯಿತು, ಮೊಮ್ಮಗನಿಗೆ ಇಟ್ಟ ಹೆಸರನ್ನು ಗುಮಾಸ್ತರು ಎರಡು ಸಲ ಕೇಳಿ ತಿಳಿದುಕೊಂಡರು. "ಬಂದಾಗ ಸಿಗೋಣ ಮೇಷ್ಟ್ರೇ" ಎಂದು ಕೈಮುಗಿದು ಫೋನು ವಾಪಸ್ ಕೊಟ್ಟು ತಮ್ಮನ ಕಡೆ ತಿರುಗಿದರು: "ಎಲ್ಲಾ ಸರಿ. ಬದುಕವ್ರೆ ಅನ್ನಾಕೆ ಒಂದು ಪೇಪರ್ ತಂದ್ಕೊಡಿ."

ಗುಮಾಸ್ತರ ತಪ್ಪಿಲ್ಲ. ಅವರು ಕಣ್ಣಾರೆ ಕಂಡದ್ದನ್ನು ನಮೂದಿಸಲು ಅವರ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ.

ಪೂರ್ವಪಕ್ಷವನ್ನೂ ಕೇಳಬೇಕು. ಅಪ್ಪ ಸತ್ತು ವರ್ಷಗಳಾದರೂ ಎಟಿಎಂ ಕಾರ್ಡು ಇಟ್ಟುಕೊಂಡು ಪಿಂಚಣಿ ತೆಗೆಯುವ ಮಕ್ಕಳಿದ್ದಾರೆ. ಆದ್ದರಿಂದ ಪರಿಶೀಲನೆ ಬೇಕು. ಒಪ್ಪಿದೆ. ಸತ್ತವರು ಕಾಗದದಲ್ಲಿ ಬದುಕಿರುವುದು ತಪ್ಪು. ಬದುಕಿರುವವರನ್ನು ಕಾಗದದಲ್ಲಿ ಸಾಯಿಸುವುದು ಏನು? ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿಯನ್ನು ಕಂದಾಯ ದಾಖಲೆಯಲ್ಲಿ ಹೀಗೆ ಸಾಯಿಸಿದ್ದರು. ತನ್ನ ಹೆಸರಿಗೆ 'ಮೃತಕ್' ಎಂದು ಸೇರಿಸಿಕೊಂಡು, ಇಂಥವರದೇ ಒಂದು ಸಂಘ ಕಟ್ಟಿ ಆತ ಹೋರಾಡಿದ. 1994ರಲ್ಲಿ ದಾಖಲೆಯಲ್ಲಿ ಮತ್ತೆ ಜೀವ ಬಂತು. 2003ರಲ್ಲಿ ಅಣಕು ನೊಬೆಲ್ ಎನಿಸಿಕೊಂಡ ಇಗ್ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಜಗತ್ತು ನಕ್ಕಿತು.

ಇನ್ನು ದೇವದತ್ತಪ್ಪನವರ ದೊಡ್ಡ ಮಗಳ ಕಥೆ ಅಪ್ಪನದಕ್ಕೆ ಪ್ರತಿಲೋಮ. ಎಚ್-1ಬಿ ವೀಸಾದಲ್ಲಿ ದುಡಿಯುವ ಆಕೆಯ ಸಂಬಳದಲ್ಲಿ ಪ್ರತಿ ಬಾರಿ ಶೇಕಡಾ 6.2 ಭಾಗ ಅಮೆರಿಕದ ಸೋಷಿಯಲ್ ಸೆಕ್ಯುರಿಟಿಗೆ ಕಡಿತ. ಕಂಪನಿಯೂ ಅಷ್ಟೇ ಕಟ್ಟುತ್ತದೆ. ಅಲ್ಲಿನ ನಿವೃತ್ತಿ ವೇತನಕ್ಕೆ 40 ಕ್ರೆಡಿಟ್ ಬೇಕು, ಅಂದರೆ ಹತ್ತಿರ ಹತ್ತಿರ ಹತ್ತು ವರ್ಷದ ದುಡಿಮೆ. ವೀಸಾ ಮುಗಿದು ಆರೇಳು ವರ್ಷಕ್ಕೆ ಹಿಂತಿರುಗಿದರೆ ಕಟ್ಟಿದ್ದು ಅಲ್ಲಿಗೇ ಸಮರ್ಪಣೆ. ಬೆಲ್ಜಿಯಂ, ಜರ್ಮನಿ, ಜಪಾನ್, ಆಸ್ಟ್ರೇಲಿಯಾಗಳ ಜೊತೆ ಹೀಗಾಗದಂತೆ ಒಪ್ಪಂದ ಮಾಡಿಕೊಂಡಿರುವ ಭಾರತಕ್ಕೆ ಅಮೆರಿಕದ ಜೊತೆ ಒಪ್ಪಂದವಿಲ್ಲ. ಅಪ್ಪ ದುಡಿದ ದೇಶದಲ್ಲಿ ಇಲ್ಲದ್ದಕ್ಕೆ ಕಳೆದುಕೊಂಡರು, ಮಗಳು ದುಡಿದ ದೇಶದಲ್ಲಿ ಉಳಿಯದಿದ್ದರೆ ಕಳೆದುಕೊಳ್ಳುತ್ತಾಳೆ.

ಇಷ್ಟು ಬರೆದ ಮೇಲೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದೇವದತ್ತಪ್ಪನವರಿಗೆ ಕಾರು ಓಡಿಸುವ ಅಳಿಯನಿದ್ದಾನೆ. ಪಿಂಚಣಿ ನಾಲ್ಕು ತಿಂಗಳು ತಡವಾದರೆ ಅವಮಾನವಾಗುತ್ತದೆ, ಒಲೆ ಆರುವುದಿಲ್ಲ. ಅವರದೇ ಬೀದಿಯಲ್ಲಿ, ಡಲ್ಲಾಸು ಎಲ್ಲಿದೆಯೆಂದೇ ಗೊತ್ತಿಲ್ಲದ, ಊರು ಬಿಟ್ಟು ತಿಪಟೂರಿನಾಚೆ ಹೋಗಿರದ ಮುದುಕಿಯರಿದ್ದಾರಲ್ಲ? ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ ಯೋಜನೆಯ ಹಣವನ್ನು 2021ರಲ್ಲಿ ಸಾವಿರದಿಂದ 1,200 ರೂಪಾಯಿಗೆ ಏರಿಸಿದರು. ವಿಧವಾ ವೇತನವನ್ನು 600ರಿಂದ 800ಕ್ಕೆ. ಅದು ನಿಲ್ಲಲು ವಿದೇಶಕ್ಕೆ ಹೋಗಬೇಕಾಗಿಲ್ಲ. ಆಧಾರ್ ಜೋಡಣೆ ತಪ್ಪಿದರೆ ನಿಂತಿತು. ಹೆಸರಿನಲ್ಲಿ ಒಂದು ಅಕ್ಷರ ಅತ್ತಿತ್ತ ಆದರೆ ನಿಂತಿತು. ಜೀವಮಾನವೆಲ್ಲ ಮಟ್ಟೆ ಸುಲಿದು, ಚಿಪ್ಪು ಒಡೆದು, ನಾರು ಬಡಿದು ಗೆರೆ ಅಳಿಸಿಹೋದ ಹೆಬ್ಬೆಟ್ಟನ್ನು ಮಷೀನು ಒಪ್ಪದಿದ್ದರೆ ಕೈಗೆ ಬರಲಿಲ್ಲ. ಸೀರೆ ಸೆರಗಿಗೆ ಹೆಬ್ಬೆಟ್ಟು ಒರೆಸಿ ಒತ್ತು, ಕೊಬ್ಬರಿ ಎಣ್ಣೆ ಸವರಿ ಒತ್ತು, ಎಡಗೈ ಇಡು, ನಾಳೆ ಬಾ. ಈ ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರು ತಂದದ್ದು ಆ ಕೈಗಳು. ನಾಡಕಚೇರಿಯ ಕಿಟಕಿಯಲ್ಲಿ ಅವುಗಳಿಗೆ ಗುರುತೇ ಇಲ್ಲ. ಹಣ ನಿಂತ ಮುದುಕಿಗೆ ಯಾಕೆ ನಿಂತಿತೆಂದು ಒಂದು ಸಾಲಿನ ಕಾಗದವನ್ನಾದರೂ ಯಾರಾದರೂ ಕಳಿಸಿದ್ದಾರೆಯೇ? ಬದುಕಿದ್ದೇನೆಂದು ಹೇಳುವ ಹೊಣೆ ಆಕೆಯದು, ಸತ್ತಳೆಂದು ತೀರ್ಮಾನಿಸುವ ಹಕ್ಕು ಮಾತ್ರ ಯಾರಿಗೆ ಬೇಕಾದರೂ ಇದೆ. ಇದಕ್ಕೆ ಮೀಮಾಂಸೆಯ ಹೆಸರು ಹುಡುಕುವಷ್ಟು ತಾಳ್ಮೆ ನನಗಿಲ್ಲ, ಇದು ದಬ್ಬಾಳಿಕೆ.

ಪರಿಹಾರ ಗೊತ್ತಿಲ್ಲವೆಂದಲ್ಲ. ಕಾರ್ಮಿಕರ ಭವಿಷ್ಯ ನಿಧಿಯ ಪಿಂಚಣಿದಾರರು ವರ್ಷದ ಯಾವ ತಿಂಗಳಲ್ಲಾದರೂ ಜೀವಿತ ಪ್ರಮಾಣಪತ್ರ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ಅದು ನಡೆಯುತ್ತದೆ. ಹಾಗೆಯೇ ಅಂಚೆಯಣ್ಣ ಮಷೀನು ಹಿಡಿದು ಮನೆಗೇ ಬಂದು 70 ರೂಪಾಯಿಗೆ ಮಾಡಿಕೊಡುವ ಏರ್ಪಾಡನ್ನು ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕು 2020ರಲ್ಲೇ ಶುರುಮಾಡಿದೆ. ವಿಮಾನ ಹತ್ತುವ ಮುನ್ನ, ಸೆಪ್ಟೆಂಬರ್‌ನಲ್ಲೇ, ಮೇಷ್ಟ್ರಿಂದ ಒಂದು ಸಹಿ ತೆಗೆದುಕೊಂಡಿದ್ದರೆ ಈ ಸಂಪ್ರಬಂಧವೇ ಬೇಕಾಗುತ್ತಿರಲಿಲ್ಲ.

ಮಾರ್ಚ್‌ನಲ್ಲಿ ದೇವದತ್ತಪ್ಪನವರು ವಾಪಸಾದರು. ಬ್ಯಾಂಕಿಗೆ ಹೋಗಿ, ಬೆಂಚಿನ ಮೇಲೆ ಕುಳಿತು, ದಾರ ಕಟ್ಟಿದ ಪೆನ್ನಿನಿಂದ ಸಹಿ ಮಾಡಿದರು. ನಿಂತಿದ್ದ ಬಾಕಿ ಒಟ್ಟಿಗೇ ಬಂತು. ಈಗ ಎರಡನೆಯ ಮಗಳು ಬಸುರಿ. ಸೆಪ್ಟೆಂಬರಿಗೆ ಟಿಕೆಟ್ ಆಗಿದೆ; ನವೆಂಬರ್ ಎರಡನೇ ವಾರ ಹೆರಿಗೆಯೆಂದು ಡಾಕ್ಟರು ದಿನ ಕೊಟ್ಟಿದ್ದಾರೆ.