ರೆಸಾರ್ಟಿಗೆ ಹೋದ ಮಗ

"ಏನ್ ಆಂಟಿ, ಮಗ ರೆಸಾರ್ಟಲ್ಲಿದಾನಂತೆ? ಪುಣ್ಯವಂತ!" ಅಂದಿದ್ದೇ ತಡ, ಪಕ್ಕದ ಮನೆ ಆಂಟಿ ಹಿಂಡುತ್ತಿದ್ದ ಪಂಚೆಯನ್ನು ಕಾಂಪೌಂಡ್ ಮೇಲೆ ಬಿಸಾಕಿದರು.

"ರೆಸಾರ್ಟಲ್ಲಿರೋರು ಎಮ್ಮೆಲ್ಲೆಗಳು ಕಣಮ್ಮ. ಇವನು ಗೇಟಿನ ಹೊರಗೆ, ಮರದ ಕೆಳಗೆ!"

ಅದು 2018ರ ಮೇ. ಬಿಜೆಪಿಗೆ 104 ಸೀಟು, ಬಹುಮತಕ್ಕೆ ಸಾಲದು. ಕಾಂಗ್ರೆಸ್ ಶಾಸಕರು ಬಿಡದಿಯ ಈಗಲ್‌ಟನ್ ರೆಸಾರ್ಟ್ ಸೇರಿದ್ದರು. ಅಲ್ಲಿಂದ ರಾತ್ರೋರಾತ್ರಿ ಬಸ್ಸು ಹತ್ತಿ ಹೈದರಾಬಾದು. ಮೇ 17ಕ್ಕೆ ಯಡಿಯೂರಪ್ಪನವರ ಪ್ರಮಾಣವಚನ, 19ಕ್ಕೆ ರಾಜೀನಾಮೆ. ಬಸ್ಸಿನಲ್ಲಿದ್ದವರು ಸೀಟಿಗೊರಗಿ ಗೊರಕೆ ಹೊಡೆದಿರಬಹುದು. ಹಿಂದಿನ ಕಾರಿನಲ್ಲಿದ್ದ, ಆಂಟಿ ಮಗನಂಥ ಪೊಲಿಟಿಕಲ್ ರಿಪೋರ್ಟರ್ ಮಾತ್ರ "ಬಸ್ ಈಗ ಎಡಕ್ಕೆ ತಿರುಗಿದೆ" ಎಂದು ಲೈವ್ ಕೊಡುತ್ತಲೇ ಇರಬೇಕು.

"ಒಳಗೆ ಏನೂ ಆಗ್ತಿಲ್ಲ ಅಂದ್ರೆ ಏನ್ ಹೇಳ್ತಾನೆ ಆಂಟಿ?"

"ಅದೇ ಅವನ ವಿದ್ಯೆ! ಒಳಗೆ ಹೋಗೋ ಊಟದ ಪೊಟ್ಟಣ ಎಣಿಸಿ ಶಾಸಕರು ಎಷ್ಟು ಜನ ಅಂತ ಲೆಕ್ಕ ಹಾಕ್ತಾನೆ. ಕಾರಿನ ನಂಬರ್ ನೋಡಿ ಯಾರು ಬಂದ್ರು ಅಂತಾನೆ. ಅವರಪ್ಪನ ಸ್ಕೂಟರ್ ನಂಬರ್ ಕೇಳು, ಗೊತ್ತಿಲ್ಲ."

ಶಾಸಕರನ್ನು ಬಚ್ಚಿಡೋದೇನು ಹೊಸದಲ್ಲ. 1984ರಲ್ಲಿ ಎನ್.ಟಿ. ರಾಮರಾವ್ ಕುರ್ಚಿ ಹೋದಾಗ ಅವರ ಕಡೆಯವರನ್ನು ಜೋಪಾನ ಮಾಡಿದ್ದು ನಮ್ಮ ರಾಮಕೃಷ್ಣ ಹೆಗಡೆಯವರೇ. ಆಗ ಟಿವಿ ಅಂದರೆ ದೂರದರ್ಶನ. ವರದಿಗಾರ ಸಂಜೆಗೊಂದು ಸುದ್ದಿ ಕಳಿಸಿ ಮನೆಗೆ ಹೋಗಿ ಉಣ್ಣಬಹುದಿತ್ತು. ಈಗ ಇಪ್ಪತ್ನಾಲ್ಕು ಗಂಟೆಯನ್ನೂ ತುಂಬಿಸಬೇಕಲ್ಲ! ಸುದ್ದಿ ಹುಟ್ಟೋದಕ್ಕೆ ಮೊದಲೇ ನಾಮಕರಣ ಆಗಿರುತ್ತೆ. ಅದಕ್ಕೆ ಗೇಟಲ್ಲಿ ನಿಂತ ಹುಡುಗನನ್ನು ಬೈದು ಫಲವಿಲ್ಲ ಅನ್ನೋದು ನನ್ನ ಅಂಬೋಣ. ಕಿವಿಯೊಳಗಿನ ಇಯರ್‌ಫೋನಲ್ಲಿ "ಇನ್ನೂ ಎರಡು ನಿಮಿಷ ಎಳೀರಿ" ಅಂತಾ ಇರೋರು ಬೇರೆ.

2019ರ ಜುಲೈನಲ್ಲಂತೂ ಕುಮಾರಸ್ವಾಮಿಯವರ ವಿಶ್ವಾಸಮತದ ಚರ್ಚೆ ದಿನಗಟ್ಟಲೆ ಎಳೆದು 23ಕ್ಕೆ 99–105ರಲ್ಲಿ ಮುಗಿಯಿತು. ಅಷ್ಟೂ ದಿನ ಆಂಟಿ ಮಗನ ಮುಖ ನೋಡಿದ್ದು ಟಿವಿಯಲ್ಲೇ. "ಶರ್ಟ್ ಬದಲಾಯಿಸಿಲ್ಲ ನೋಡು" ಅಂತ ನನ್ನನ್ನು ಕೂಗಿ ತೋರಿಸಿದ್ದರು.

"ಹೆಣ್ಣು ನೋಡ್ತಿದ್ರಲ್ಲ, ಏನಾಯ್ತು?" ಅಂತ ಎಷ್ಟೋ ದಿನದ ಮೇಲೆ ಕೇಳಿದೆ.

"ಅಯ್ಯೋ, ಅದನ್ನ ಕೇಳ್ಬೇಡ. 2021ರಲ್ಲಿ ಯಡಿಯೂರಪ್ಪ ರಾಜೀನಾಮೆ ಕೊಟ್ಟ ದಿನವೇ ಒಬ್ಬರು ಬಂದಿದ್ರು. ಸಂಬಳ ಕೇಳಲಿಲ್ಲ, ಜಾತಕ ಕೇಳಲಿಲ್ಲ. 'ಮುಂದಿನ ಸಿಎಂ ಯಾರಪ್ಪ?' ಅಂದ್ರು. ಇವನೋ, 'ನಿಮ್ಮಲ್ಲೇ ಇರಲಿ ಸರ್, ಪಕ್ಕಾ ಸೋರ್ಸ್' ಅಂತ ಕಿವೀಲಿ ಒಂದು ಹೆಸರು ಊದಿದ. ಆ ಮನುಷ್ಯ ಖುಷಿಯಾಗಿ ಊರಿಗೆಲ್ಲ ಹೇಳ್ಕೊಂಡು ಬಂದ್ರು."

"ಆಮೇಲೆ?"

"ಎರಡೇ ದಿನಕ್ಕೆ ಬೊಮ್ಮಾಯಿ ಪ್ರಮಾಣವಚನ."

"ಇವನು ಹೇಳಿದ ಹೆಸರು?"

"ಅದು ಬೇರೆ ಕಣೆ. ಸಂಬಂಧಾನೂ ಬೇರೆ ಕಡೆ ಕುದುರಿತು, ಬ್ಯಾಂಕಲ್ಲಿರೋ ಹುಡುಗ."